ನುಡಿಗಟ್ಟುಗಳನ್ನು ನಾನು ಕಲಿತ ಬಗೆ

ಅನುವಾದದ ಕೆಲಸಕ್ಕಿಳಿದ ಹೊಸತರಲ್ಲಿ ನಾನು ಇಂಗ್ಲಿಷ್ ನುಡಿಗಟ್ಟುಗಳನ್ನು ಪಟ್ಟಿ ಮಾಡಿ, ಎದುರಿಗೆ ಕನ್ನಡದ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು, ‘ಎ ಪೀಸ್ ಆಫ್ ಕೇಕ್’ ಎಂದರೆ ನೀರು ಕುಡಿದಷ್ಟು ಸುಲಭ, ‘ಬೀಟ್ ಅರೌಂಡ್ ದ ಬುಷ್’ ಎಂದರೆ ಸುತ್ತಿ ಬಳಸಿ ಮಾತನಾಡುವುದು. ಅರ್ಥ ಗೊತ್ತಿದ್ದರೆ ಸಾಕೆಂಬ ಆ ನಂಬಿಕೆ ಒಂದು ಸಭೆಯ ನಡಾವಳಿಯನ್ನು ಅನುವಾದಿಸುವಾಗ ಕೈಕೊಟ್ಟಿತು.

ಒಂದು ಪ್ರಸ್ತಾವವನ್ನು ‘ಟೇಬಲ್’ ಮಾಡಲಾಯಿತು ಎಂದು ಅದರಲ್ಲಿತ್ತು. ನಾನು ‘ಮಂಡಿಸಲಾಯಿತು’ ಎಂದು ಬರೆದೆ. ಬ್ರಿಟಿಷ್ ಬಳಕೆಯಲ್ಲಿ ಅದು ಸರಿಯೇ. ಆದರೆ ಮುಂದಿನ ಪುಟಗಳಲ್ಲಿ ಎಲ್ಲಿ ಹುಡುಕಿದರೂ ಆ ಪ್ರಸ್ತಾವದ ಮೇಲೆ ಚರ್ಚೆಯೇ ಕಾಣದಿದ್ದಾಗ ಅನುಮಾನ ಬಂದು, ಮೂಲ ಬರೆದವರು ಯಾರೆಂದು ನೋಡಿದೆ. ಅವರು ಅಮೆರಿಕದವರು, ಅಲ್ಲಿ ಅದೇ ಮಾತಿಗೆ ಚರ್ಚೆಯನ್ನು ಬದಿಗಿರಿಸುವುದು ಎಂಬ ಅರ್ಥವಿದೆ. ‘ಮುಂದೂಡಲಾಯಿತು’ ಎಂದು ತಿದ್ದಿದ ಮೇಲೆ, ಹಳೆಯ ಪಟ್ಟಿಯನ್ನು ಬಿಟ್ಟು ಹೊಸ ಪುಸ್ತಕ ತೆರೆದೆ.

ಹೊಸ ಪುಸ್ತಕದಲ್ಲಿ ನುಡಿಗಟ್ಟನ್ನು ಒಂಟಿಯಾಗಿ ಬರೆಯುವುದಿಲ್ಲ. ಅದು ಸಿಕ್ಕ ವಾಕ್ಯವನ್ನು ಪೂರ್ತಿಯಾಗಿ ಬರೆದು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ಕೆಳಗೆ ಸೇರಿಸುತ್ತೇನೆ. ‘ಕಿಕ್ ದ ಬಕೆಟ್’ ಎಂಬುದನ್ನು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ತನ್ನ ನಿಘಂಟಿನಲ್ಲಿ ದಾಖಲಿಸಿದ್ದು ಬೀದಿಯ ಆಡುಮಾತುಗಳ ಜೊತೆಗೆ. ಆ ಹಗುರತನ ಇಂದಿಗೂ ಅದನ್ನು ಬಿಟ್ಟಿಲ್ಲ. ಆದ್ದರಿಂದ ಅದನ್ನು ‘ತೀರಿಕೊಂಡರು’ ಎಂದರೆ ಅರ್ಥ ಉಳಿದರೂ ದನಿ ಕೆಡುತ್ತದೆ, ‘ಗೊಟಕ್ ಎಂದ’ ಎಂಬುದು ಅದರ ಜಾಗದಲ್ಲಿ ಕೂರುತ್ತದೆ. ಸಂತಾಪದ ಪತ್ರದಲ್ಲಂತೂ ಎರಡೂ ಭಾಷೆಗಳಲ್ಲಿ ಅದಕ್ಕೆ ಎಡೆಯಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡದಲ್ಲಿ ತದ್ರೂಪಿಯಿರುವ ನುಡಿಗಟ್ಟುಗಳು. ‘ಕ್ರೊಕಡೈಲ್ ಟಿಯರ್ಸ್’ ನಿಶ್ಚಿಂತೆಯಿಂದ ಮೊಸಳೆ ಕಣ್ಣೀರಾಗುತ್ತದೆ, ‘ಪುಲ್ ಸಮ್‌ಒನ್ಸ್ ಲೆಗ್’ ಹಾಗಲ್ಲ. ಕನ್ನಡದಲ್ಲಿ ಕಾಲೆಳೆಯುವುದು ತಮಾಷೆಗೂ ಆಗಬಹುದು, ಮೇಲೇರುತ್ತಿರುವವರನ್ನು ಸಹಿಸದ ಹೊಟ್ಟೆಕಿಚ್ಚಿಗೂ ಆಗಬಹುದು. ಇಂಗ್ಲಿಷಿನಲ್ಲಿ ಸುಳ್ಳನ್ನು ನಂಬಿಸಿ ನಗಾಡುವ ಅರ್ಥವೊಂದೇ. ಅದು ಬಂದಲ್ಲೆಲ್ಲ ಅಕ್ಕಪಕ್ಕದ ವಾಕ್ಯಗಳನ್ನು ಮತ್ತೊಮ್ಮೆ ಓದದೆ ನಾನು ಮುಂದೆ ಹೋಗುವುದಿಲ್ಲ.

ಕೆಲವೊಮ್ಮೆ ಹಿಂದಿನ ಕಥೆ ನೆರವಾಗುತ್ತದೆ. ‘ಟರ್ನ್ ಎ ಬ್ಲೈಂಡ್ ಐ’ ಎಂಬುದರೊಂದಿಗೆ 1801ರ ಕೋಪನ್‌ಹೇಗನ್ ಕದನದ ಪ್ರಸಂಗವನ್ನು ಹೇಳುತ್ತಾರೆ: ಹಿಂದೆ ಸರಿಯಬೇಕೆಂಬ ಸಂಕೇತ ಬಂದಾಗ ನೌಕಾಧಿಕಾರಿ ನೆಲ್ಸನ್ ದೃಷ್ಟಿಯಿಲ್ಲದ ಕಣ್ಣಿಗೆ ದೂರದರ್ಶಕ ಹಿಡಿದು, ತನಗೇನೂ ಕಾಣುತ್ತಿಲ್ಲವೆಂದನಂತೆ. ಇದು ನೆನಪಿದ್ದರೆ ‘ಗಮನಿಸಲಿಲ್ಲ’ ಎಂದು ಬರೆಯಲು ಕೈ ಬರುವುದಿಲ್ಲ, ‘ಕಂಡೂ ಕಾಣದಂತಿದ್ದರು’ ಎಂಬುದೇ ಬರುತ್ತದೆ.

ಹೊಂದುವ ಕನ್ನಡ ಮಾತು ಸಿಗದಿದ್ದರೆ ನುಡಿಗಟ್ಟಿನ ಹಟ ಬಿಡುತ್ತೇನೆ. ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂಬುದನ್ನು ಚೆಂಡು ಅಂಗಳದಲ್ಲಿದೆ ಎಂದು ಬರೆಯುವವರು ಬಹಳ ಮಂದಿ. ನನ್ನ ಪುಸ್ತಕದಲ್ಲಿ ಅದರ ಎದುರಿಗಿರುವುದು ‘ಇನ್ನು ತೀರ್ಮಾನ ನಿಮ್ಮದು’ ಎಂಬ ಮೂರು ಪದಗಳು.