ಕೀ ಕೊಡುವ ವಾಚ್ ಎತ್ತಿಡುವ ಮುಂಚೆ

ಅಪ್ಪನ ಎಚ್‌ಎಂಟಿ ಜನತಾ ಈಗ ನನ್ನ ಹತ್ತಿರ ಇದೆ. ಮದುವೆ, ಹಬ್ಬಕ್ಕೆ ಮಾತ್ರ ಕಟ್ಟುತ್ತೇನೆ. ನಮ್ಮ ಬಳ್ಳಾರಿ ಬಿಸಿಲಿನ ಬೆವರು, ಜೊತೆಗೆ ಕೆಂಪು ಧೂಳು. ಎರಡೂ ಸೇರಿ ಹಿಂದಿನ ಮುಚ್ಚಳದ ಅಂಚಿನಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಮೊದಲು ಅದನ್ನು ಒರೆಸಿ. ಚರ್ಮದ ಪಟ್ಟಿ ಇದ್ದರೆ ಒಂದು ರಾತ್ರಿ ಆರಲಿ. ಆಮೇಲೆ ಡಬ್ಬಿಗೆ ಹಾಕಿ, ಹೊಸ ಶೂ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಅದನ್ನು ಸುಮ್ನೆ ಬಿಸಾಡುತ್ತೀವಿ ಅಲ್ವಾ?

ಸ್ಪೀಕರ್ ಹತ್ತಿರ ಮಾತ್ರ ಇಡಲೇಬೇಡಿ. ನಾನು ಇಟ್ಟು ಅನುಭವಿಸಿದ್ದೇನೆ. ಅಯಸ್ಕಾಂತಕ್ಕೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ವಾಚ್ ದಿನಕ್ಕೆ 10 ನಿಮಿಷ ಮುಂದೆ ಓಡುತ್ತಿತ್ತು.

ತಿಂಗಳಿಗೊಮ್ಮೆ ಕೀ ಕೊಟ್ಟು ಓಡಿಸಿ. ತಿರುಗಿಸುವಾಗ ಬಿಗಿ ಅನ್ನಿಸಿದರೆ ಅಲ್ಲಿಗೆ ಸಾಕು, ಜಾಸ್ತಿ ಒತ್ತಬೇಡಿ.