ಮಾರ್ಕನ ಸುವಾರ್ತೆ ಓದೋಕೆ ಬರ್ತೀರಾ?

ಕ್ಯಾತಸಂದ್ರದ ನಮ್ಮ ಮನೆಯಲ್ಲಿ ಗುರುವಾರ ಸಂಜೆ ನಾಲ್ಕೈದು ಜನ ಸೇರಿ ಬೈಬಲಿನ ಮಾರ್ಕನ ಸುವಾರ್ತೆ, ಅಂದರೆ ಮಾರ್ಕ ಬರೆದ ಯೇಸುವಿನ ಕಥೆ, ಓದುತ್ತೇವೆ. ಬರುವವರು ಹೆಚ್ಚಾಗಿ ಕ್ರೈಸ್ತರಲ್ಲ. ಹೋದ ಸಲ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರು, ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಅವರ ತಂಗಿ ಇದ್ದರು. ಇವರನ್ನೆಲ್ಲ ಹೇಗೆ ಕರೀತೀರಿ ಅಂತ ನಮ್ಮ ಚರ್ಚಿನವರು ಕೇಳುತ್ತಿರುತ್ತಾರೆ.

ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಚಿಕ್ಕದು, 16 ಅಧ್ಯಾಯ. ವಾರಕ್ಕೆ ಎರಡರಂತೆ ಎಂಟು ವಾರಕ್ಕೆ ಮುಗಿಯುತ್ತದೆ. ಯಾವಾಗ ಮುಗಿಯುತ್ತೆ ಅಂತ ಮೊದಲೇ ಗೊತ್ತಿದ್ದರೆ ಬರುವವರಿಗೂ ಧೈರ್ಯ.

ಕರೆಯುವಾಗ ನೇರ ಮಾತು. "ಮೇಷ್ಟ್ರೇ, ಯೇಸುವಿನ ಕಥೆ ಓದ್ತಿದ್ದೀವಿ, ಬರ್ತೀರಾ? ಬೇಡ ಅಂದ್ರೂ ಬೇಜಾರಿಲ್ಲ." ಹುಟ್ಟುಹಬ್ಬ ಅಂತ ಕರೆದು ಬೈಬಲ್ ತೆಗೆಯುವುದು ನನಗೆ ಸರಿಬರದು. ಮನೆಯವರಿಗೆ ಹೇಳಿಯೇ ಬನ್ನಿ ಅನ್ನುತ್ತೇನೆ. ಹಾಡು, ಕಾಣಿಕೆ, ಕಾಯಿಲೆ ವಾಸಿಯಾಗುತ್ತೆ ಅನ್ನುವ ಭರವಸೆ ಯಾವುದೂ ಇಲ್ಲ. ಟೀ ಉಂಟು.

'ಮತಾಂತರ ಮಾಡ್ತೀರಾ?' ಅಂತ ಕೇಳಿದವರಿದ್ದಾರೆ. ಕೇಳಬೇಕಾದದ್ದೇ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನಮ್ಮವರಲ್ಲಿ ಕೆಲವರಿಗೆ ಆ ತೀರ್ಪು ಹಿಡಿಸದು. ನನಗೇನೂ ತಕರಾರಿಲ್ಲ. ಕರೆಯುವುದು ನನ್ನ ಕೆಲಸ, ನಂಬುವುದು ಬಿಡುವುದು ಅವರಿಗೆ ಸೇರಿದ್ದು. ಯೋಹಾನನ ಸುವಾರ್ತೆಯಲ್ಲಿ ನತಾನಯೇಲ ಎಂಬವನು ಯೇಸುವಿನ ಊರು ನಜರೇತಿನ ಹೆಸರು ಕೇಳಿ ಮೂಗು ಮುರಿದಾಗ ಯೇಸುವಿನ ಶಿಷ್ಯ ಫಿಲಿಪ್ಪ ವಾದಕ್ಕಿಳಿಯಲಿಲ್ಲ. 'ಬಂದು ನೋಡು' ಅಂದ, ಅಷ್ಟೇ.

ಓದುವಾಗ ನಾನು ಜಾಸ್ತಿ ಮಾತಾಡುವುದಿಲ್ಲ. ಏನು ವಿಚಿತ್ರ ಅನಿಸಿತು, ಏನು ಒಪ್ಪಲಾಗಲಿಲ್ಲ, ಇಷ್ಟೇ ಕೇಳುತ್ತೇನೆ. 4ನೇ ಅಧ್ಯಾಯದಲ್ಲಿ ಬಿತ್ತುವವನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಬಂದಾಗ ಮೇಷ್ಟ್ರು ನಕ್ಕುಬಿಟ್ಟರು. "ಇವನೆಂಥ ರೈತ ರೀ? ದಾರಿ ಮೇಲೆ, ಬಂಡೆ ಮೇಲೆ, ಮುಳ್ಳಲ್ಲೆಲ್ಲ ಬೀಜ ಹಾಕ್ತಾನಲ್ಲ!" ಅವರದು ಗುಬ್ಬಿ ಕಡೆಯ ಹಳ್ಳಿ, ಕೂರಿಗೆಯಲ್ಲಿ ರಾಗಿ ಬಿತ್ತಿದ ಕೈ. ಕೂರಿಗೆ ಹಿಡಿದರೆ ಕಾಳು ಸಾಲಿಗೇ ಬೀಳುತ್ತದೆ. ಯೇಸುವಿನ ನಾಡಿನಲ್ಲಿ ಕೈಯಿಂದ ಎರಚುತ್ತಿದ್ದರು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಇವನಿಗೆ ಬೀಜ ಉಳಿಸೋ ಯೋಚನೆನೇ ಇಲ್ಲ. ಇದು ಒಳ್ಳೇ ನೆಲ, ಇದು ಕೆಟ್ಟ ನೆಲ ಅಂತ ಮೊದಲೇ ನೋಡೋದೂ ಇಲ್ಲ" ಅಂದರು. ಆ ಸಾಮ್ಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಯಾವಾಗಲೂ ಮಾತೆಲ್ಲ ನೆಲದ ಬಗ್ಗೆಯೇ. ಬಿತ್ತುವವನ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಕರೆದದ್ದರಿಂದ ಲಾಭ ಯಾರಿಗೆ ಹೇಳಿ!

ಇನ್ನೊಬ್ಬರು ಸಿದ್ಧಗಂಗಾ ಮಠದಲ್ಲಿದ್ದು ಓದಿದವರು. ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಸಾವಿರಾರು ಜನರಿಗೆ ಉಣಿಸಿದ ಕಥೆಯಲ್ಲಿ ಅದ್ಭುತದ ತಂಟೆಗೇ ಅವರು ಹೋಗಲಿಲ್ಲ. "ಮಿಕ್ಕಿದ 12 ಪುಟ್ಟಿ ಯಾರು ತಗೊಂಡು ಹೋದ್ರು?" ಅಂದರು. ದಾಸೋಹದಲ್ಲಿ ಉಂಡವರ ಪ್ರಶ್ನೆ. ಮಾರ್ಕ ಅದನ್ನು ಹೇಳಿಲ್ಲ.

ಎಂಟು ವಾರ ಆದ ಮೇಲೆ ನಾನಾಗಿ ಮತ್ತೆ ಕರೆಯುವುದಿಲ್ಲ. ಬೇಕು ಅನ್ನುವವರೇ ಕೇಳಲಿ. ನನ್ನ ಜೊತೆ ಕೆಲಸ ಮಾಡುವವರ ತಂಗಿಗೆ ಸಾಕೆನಿಸಿತು. ಮೇಷ್ಟ್ರು ಲೂಕನ ಸುವಾರ್ತೆ ತೆಗೆದುಕೊಂಡು ಹೋಗಿದ್ದಾರೆ, ಪೆನ್ಸಿಲ್‌ನಲ್ಲಿ ಗೆರೆ ಎಳೀಬಹುದಾ ಅಂತ ಕೇಳಿ.