ಬೂದು ವಾಶ್‌ನಿಂದ ಸಮುದ್ರದ ಆಳ: ‘ಸೀ ಡೆವಿಲ್ಸ್’ ದಾರಿಯಲ್ಲಿ ನನ್ನ ಸ್ಕ್ರೀನ್ ಪ್ರಿಂಟ್

ಕೊನೆಗೂ ನನ್ನ ಸ್ಕ್ರೀನ್ ಪ್ರಿಂಟ್‌ನಲ್ಲಿ (ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಇಂಕು ಒತ್ತಿ ತೆಗೆಯುವ ಅಚ್ಚು) ನೀರು ನೀರಿನ ಹಾಗೇ ಬಂತು. ಅರವತ್ತರ ದಶಕದ ಅಮೆರಿಕನ್ ಕಾಮಿಕ್ ಮುಖಪುಟದ ಆ ಆಳ ಮನೆಯ ಸ್ಕ್ರೀನ್‌ನಲ್ಲಿ ಬರೋದಿಲ್ಲ, ಸುಮ್ನೆ ಕಂಪ್ಯೂಟರಲ್ಲಿ ಗ್ರೇಡಿಯಂಟ್ (ತಿಳಿಯಿಂದ ಗಾಢಕ್ಕೆ ಇಳಿಯುವ ಬಣ್ಣ) ಹಾಕಿ ಡಿಜಿಟಲ್ ಪ್ರಿಂಟ್ ತೆಗೆಸು ಅಂತ ಗೆಳೆಯರೆಲ್ಲ ಹೇಳಿದ್ದರು. ನಾಲ್ಕೇ ಬಣ್ಣದಲ್ಲಿ, ಕೈಯಲ್ಲೇ ಸ್ಕ್ವೀಜಿ (ಇಂಕು ಒತ್ತುವ ರಬ್ಬರ್ ಪಟ್ಟಿ) ಎಳೆದು ತೆಗೆದಿದ್ದೇನೆ.

ಈ ಹುಚ್ಚು ಹಿಡಿಸಿದ್ದು ಅಮೆರಿಕದ ಕಾಮಿಕ್ ಪ್ರಕಾಶಕರಾದ ಡಿಸಿಯವರ ‘ಸೀ ಡೆವಿಲ್ಸ್’. 1960ರಲ್ಲಿ ಅವರದೇ ‘ಶೋಕೇಸ್’ ಕಾಮಿಕ್‌ನ 27ನೇ ಸಂಚಿಕೆಯಲ್ಲಿ ಶುರುವಾಯಿತು, ಮರುವರ್ಷ ಸ್ವಂತ ಹೆಸರಲ್ಲಿ ಬಂತು, 1967ರವರೆಗೆ 35 ಸಂಚಿಕೆ. ಡೇನ್, ಬಿಫ್, ನಿಕಿ, ಜೂಡಿ ಅಂತ ನಾಲ್ವರು ಮುಳುಗುಗಾರರು. ಯಾರಿಗೂ ಮಾಯಾಶಕ್ತಿ ಇಲ್ಲ, ಬೆನ್ನ ಮೇಲೊಂದು ಗಾಳಿ ಸಿಲಿಂಡರ್ ಅಷ್ಟೇ. ಓದುಗರನ್ನು ಹಿಡಿದಿದ್ದು ಅದೇ ಅನ್ನೋದು ನನ್ನ ಖಚಿತ ಅಭಿಪ್ರಾಯ. ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ 1943ರಲ್ಲಿ ನೀರಿನೊಳಗೆ ಉಸಿರಾಡುವ ಸಲಕರಣೆ ಆಕ್ವಾಲಂಗ್ ಮಾಡಿದ್ದರು, 1958ರಿಂದ ಟಿವಿಯಲ್ಲಿ ಮುಳುಗುಗಾರನ ಕಥೆಯ ‘ಸೀ ಹಂಟ್’ ಧಾರಾವಾಹಿ ಬರುತ್ತಿತ್ತು, ಡೆಲ್ ಪ್ರಕಾಶನದವರು ಅದರ ಕಾಮಿಕ್ಕೂ ತಂದರು. ಹಾರುವ ಹೀರೋನ ನೋಡಿ ಯಾವ ಹುಡುಗನೂ ನಾನೂ ಹಾರ್ತೀನಿ ಅಂದುಕೊಳ್ಳಲಾರ. ಸಿಲಿಂಡರ್ ಕಟ್ಟಿಕೊಂಡು ಇಳಿಯಬಹುದು, ಅಲ್ವಾ?

ಆದರೆ ಅಂಗಡಿಯಲ್ಲಿ ಕೈ ಹಾಕಿಸುತ್ತಿದ್ದುದು ಮುಖಪುಟ. ಚಿತ್ರಕಾರ ರಸ್ ಹೀತ್ ಮಸಿಯನ್ನು ತೆಳು ಮಾಡಿ ಬೂದು ವಾಶ್‌ನಲ್ಲೇ ಬರೆದುಕೊಟ್ಟರೆ, ಡಿಸಿಯ ಪ್ರೊಡಕ್ಷನ್ ವಿಭಾಗದ ಜ್ಯಾಕ್ ಆ್ಯಡ್ಲರ್ ಅದಕ್ಕೆ ಬಣ್ಣ ಕೂಡಿಸುತ್ತಿದ್ದರು. ನಾನು ತರಿಸಿದ್ದು ಪಿನ್ ಬಿಚ್ಚಿಹೋದ ಹಳೇ ಪ್ರತಿ, ಅಂಚೆ ಖರ್ಚೂ ಸೇರಿ ಸುಮಾರು ನಾಲ್ಕು ಸಾವಿರ ಬಿತ್ತು. ಲೂಪ್ (ಭೂತಗನ್ನಡಿ) ಇಟ್ಟು ಮುಖಪುಟದ ಚಿತ್ರದಲ್ಲಿನ ಒಂದು ಸಿಲಿಂಡರನ್ನೇ ನೋಡುತ್ತಾ ಕೂತೆ. ಹಳದಿ ಆ ಅಂಚಿನಿಂದ ಈ ಅಂಚಿನವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟ. ಅದರ ಮೇಲೆ ಕಪ್ಪು ಚುಕ್ಕೆಗಳು, ನಡುವೆ ಸಣ್ಣವು, ಅಂಚಿಗೆ ಹೋದಂತೆ ದಪ್ಪಗಾಗಿ ಒಂದಕ್ಕೊಂದು ತಾಗುತ್ತವೆ. ಸಿಲಿಂಡರ್ ದುಂಡಗೆ ಕಾಣೋದು ಆ ಚುಕ್ಕೆಯಿಂದ. ಅಂದರೆ ನನಗೆ ಹಾಫ್‌ಟೋನ್ (ಸಣ್ಣ ದೊಡ್ಡ ಚುಕ್ಕೆಗಳಿಂದ ತೋರಿಸುವ ನೆರಳು) ಬೇಕಾದದ್ದು ಒಂದೇ ಸ್ಕ್ರೀನಿಗೆ! ಉಳಿದ ಮೂರು ಬಣ್ಣಕ್ಕೆ ಕೈಯಲ್ಲಿ ಕತ್ತರಿಸಿದ ಮಾಸ್ಕ್ (ಆ ಬಣ್ಣದ ಆಕಾರದ ಮರೆ) ಸಾಕು.

ಹೇಳೋದು ಸುಲಭ. ನಾನು ಬೂದು ವಾಶ್‌ನಲ್ಲಿ ಬರೆದ ಚಿತ್ರಕ್ಕೆ ಮೊದಲು 65 ಲೈನ್ (ಇಂಚಿಗೆ 65 ಸಾಲು ಚುಕ್ಕೆ) ಫಿಲ್ಮ್ ತೆಗೆಸಿ 120 ನಂಬರಿನ ಜಾಲರಿ ಬಟ್ಟೆ ಮೇಲೆ ಕೂರಿಸಿದರೆ ನೀರಿನ ತುಂಬಾ ಮೋರೆ, ಅಂದರೆ ಚುಕ್ಕೆ ಸಾಲೂ ಬಟ್ಟೆಯ ಎಳೆಯೂ ತಾಕಲಾಡಿ ಮೂಡುವ ಪಟ್ಟೆ. ಫಿಲ್ಮ್ ತಿರುಗಿಸಿ ತಿರುಗಿಸಿ ನೋಡಿದೆ, ಪಟ್ಟೆಯ ದಿಕ್ಕು ಬದಲಾಯಿತೇ ಹೊರತು ಹೋಗಲಿಲ್ಲ. 50 ಲೈನಿಗೆ ಇಳಿಸಿ, ಚುಕ್ಕೆ ಸಾಲನ್ನು 22 ಡಿಗ್ರಿ ಹತ್ತಿರ ಓರೆ ಮಾಡಿದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಮಳೆಗಾಲ ಬಂತು, ಎಮಲ್ಷನ್ (ಬಟ್ಟೆಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ಒಣಗೋದೇ ಇಲ್ಲ, ತೊಳೆಯುವಾಗ ಚುಕ್ಕೆ ಸಮೇತ ಕಿತ್ತು ಬರುತ್ತಿತ್ತು. ಫಿಲ್ಮ್, ಬಟ್ಟೆ, ಇಂಕು, ಹಾಳಾದ ಕಾಗದ ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು ಹೋಗಿರಬೇಕು. ಜಾಸ್ತಿ ತಿಂದಿದ್ದು ಕಾಗದ.

ಕೊನೆಯ ತೊಡಕು ಕಪ್ಪು. ಡಬ್ಬಿಯ ಕಪ್ಪನ್ನು ಹಾಗೇ ನೀಲಿ ಮೇಲೆ ಎಳೆದರೆ ಸಮುದ್ರ ಹೋಗಿ ಚರಂಡಿ ನೀರಾಗುತ್ತದೆ. ಅದನ್ನು ಟ್ರಾನ್ಸ್‌ಪರೆಂಟ್ ಬೇಸ್ (ಬಣ್ಣವಿಲ್ಲದ ಇಂಕು) ಹಾಕಿ ತೆಳು ಮಾಡಬೇಕು, ಜೊತೆಗೆ ಇನ್ನೊಂದು ಬಣ್ಣ ಚೂರು ಬೀಳಬೇಕು. ಯಾವುದು, ಎಷ್ಟು ಅನ್ನೋದು ನನ್ನಲ್ಲೇ ಇರಲಿ. ಹಳದಿ, ಕೆಂಪು, ನೀಲಿ, ಕೊನೆಗೆ ಈ ಬೂದು, ಕ್ರಮ ಇಷ್ಟೇ. ವಾಶ್ ಬರೆಯುವಾಗ ಕಣ್ಣಿಗೆ ಸರಿ ಅನ್ನಿಸಿದ್ದಕ್ಕಿಂತ ಒಂದು ಮಟ್ಟ ತಿಳಿಯಾಗಿ ಬರೆಯಿರಿ, ಅಚ್ಚಿನಲ್ಲಿ ಚುಕ್ಕೆ ಊದಿಕೊಳ್ಳುತ್ತದೆ.

ನಡುವೆ ಬೇರೆ ಆಟಗಳೂ ನಡೆದವು. ಹಸಿ ವಾಶ್ ಮೇಲೆ ಹರಳುಪ್ಪು ಉದುರಿಸಿ ಒಣಗಲು ಬಿಟ್ಟರೆ ತಳದ ಮರಳು ತಾನೇ ಬರುತ್ತದೆ. ಗುಳ್ಳೆಗೆ ಮೇಣದಬತ್ತಿ ತುದಿಯಿಂದ ಮೊದಲೇ ಗುರುತು ಹಾಕಿದೆ, ವಾಶ್ ಅಲ್ಲಿ ಹಿಡಿಯಲ್ಲ, ಕಾಗದದ ಬಿಳಿ ಉಳಿಯುತ್ತದೆ. ಬಿಳಿ ಉಳಿಸಲು ಬಳಿಯುವ ಮಾಸ್ಕಿಂಗ್ ಫ್ಲೂಯಿಡ್‌ನ ದುಡ್ಡು ಉಳಿಯಿತು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಒಮ್ಮೆ ಇಳಿದೂ ಬಂದೆ. ಐದಾರು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಕಾಲಿಗೆ ಹಾಕಿದ್ದ ಕೆಂಪು ಫಿನ್ ಕಂದಾಗಿತ್ತು, ನೀರು ಮೊದಲು ನುಂಗೋದು ಕೆಂಪನ್ನೇ. ಅದೇ ನಿಜ ಅಂತ ಕೆಂಪಿಲ್ಲದ ಒಂದು ಪ್ರಿಂಟ್ ತೆಗೆದು ನೋಡಿದೆ, ಮುಳುಗುಗಾರ ನೀರಲ್ಲೇ ಕಳೆದುಹೋದ. ಕೆಂಪನ್ನು ಗಟ್ಟಿಯಾಗಿ ವಾಪಸ್ ಹಾಕಿದೆ, ಮನುಷ್ಯ ಎದ್ದು ನಿಂತ.

ಎ3 ಅಳತೆಯ ನಲವತ್ತರಷ್ಟು ಪ್ರತಿ ತೆಗೆದು, ಒಂದಕ್ಕೆ 600 ರೂಪಾಯಿಯಂತೆ ಬಹುಪಾಲು ಮಾರಿದೆ. ಹಾಕಿದ ದುಡ್ಡು ಬಂದು ಸ್ವಲ್ಪ ಉಳಿಯಿತು. ಗ್ರೇಡಿಯಂಟ್ ಹಾಕು ಅಂದಿದ್ದ ಗೆಳೆಯನೇ ಎರಡು ತಗೊಂಡ. ಈಗ ಒಳಪುಟಕ್ಕೆ ಕೈ ಹಾಕಿದ್ದೇನೆ: 25, 50, 100 ಶೇಕಡಾ ಚುಕ್ಕೆಯಲ್ಲಿ ಮೂರು ಬಣ್ಣ, ನ್ಯೂಸ್‌ಪ್ರಿಂಟ್ ಕಾಗದ. ಇಂಕು ಹಿಂದಕ್ಕೆ ಇಳಿಯುತ್ತಿದೆ, ಬೇರೆ ಬೇಸ್ ಹುಡುಕುತ್ತಿದ್ದೇನೆ.